‘ನಮ್ಮ’ ಅಂದರೆ ಯಾರ? ಗಡಿನಾಡ ಕನ್ನಡ ಮತ್ತು ಆಫ್‌ಲೈನ್ ಮಾತಿನ ಅನುವಾದ

ಗಡಿನಾಡಿನ ಸಾಹಿತ್ಯ, ಜಾನಪದ, ಶಾಲೆಗಳ ಬಗ್ಗೆ ಮಾತಾಡುವ ಈ ಸಂಕಿರಣಕ್ಕೆ ನಾನು ಮೊಬೈಲ್ ಆಪ್‌ಗಳನ್ನು ಎತ್ತಿಕೊಂಡು ಬಂದಿದ್ದೇನೆ. ಇದು ಕಂಪ್ಯೂಟರ್ ವಿಭಾಗದವರ ವಿಷಯ ಅಲ್ವಾ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಕಾದಂಬರಿಯೊಂದರ ಅನುವಾದವನ್ನು ನಾವು ಮೂಲದ ಪಕ್ಕದಲ್ಲಿಟ್ಟು ಓದುತ್ತೇವೆ, ಎಲ್ಲಿ ಏನು ಬಿದ್ದುಹೋಯಿತು ಎಂದು ಕೇಳುತ್ತೇವೆ. ದಿನಕ್ಕೆ ಲೆಕ್ಕವಿಲ್ಲದಷ್ಟು ವಾಕ್ಯಗಳನ್ನು ಅನುವಾದಿಸುವ ಯಂತ್ರಕ್ಕೂ ಅದೇ ಪ್ರಶ್ನೆ ಹಾಕಬೇಕು. ಇಂಟರ್‌ನೆಟ್ ಇಲ್ಲದೆ, ಆಡಿದ ಮಾತನ್ನು ಆ ಕ್ಷಣವೇ ಬೇರೆ ಭಾಷೆಗೆ ತಿರುಗಿಸುವ ಆಪ್‌ಗಳನ್ನು ನಾನು ಇಲ್ಲಿ ಅನುವಾದ ಎಂದೇ ಓದಲು ನೋಡುತ್ತೇನೆ.

ನನ್ನ ಮಾತು ಇಷ್ಟೇ. ಈ ಆಪ್‌ಗಳು ಕನ್ನಡವನ್ನು ಇಂಗ್ಲಿಷಿಗೋ ಹಿಂದಿಗೋ ಮುಖ ಮಾಡಿ ನಿಂತ ಭಾಷೆ ಎಂದು ಎಣಿಸಿವೆ. ಗಡಿನಾಡ ಕನ್ನಡಿಗರ ದಿನನಿತ್ಯದ ಅನುವಾದ ನಡೆಯುವುದು ಮಲಯಾಳ, ಮರಾಠಿ, ತೆಲುಗು, ತಮಿಳು, ತುಳುವಿನ ಜೊತೆ. ಪಕ್ಕದ ಮನೆಗೆ ಹೋಗುವ ಮಾತನ್ನು ದೂರದ ದಾರಿಯಲ್ಲಿ ಸುತ್ತಿಸಿ ತಂದಾಗ ಒಂದು ಮುಖ್ಯ ಸಂಗತಿ ದಾರಿಯಲ್ಲೇ ಬಿದ್ದುಹೋಗುತ್ತದೆ: ‘ನಾವು’ ಅಂದಾಗ ಅದರೊಳಗೆ ಯಾರಿದ್ದಾರೆ, ಯಾರಿಲ್ಲ ಎಂಬುದು.

ಮೊದಲು, ಆಪ್ ಒಳಗೆ ಏನು ನಡೆಯುತ್ತದೆ? ಸಾಮಾನ್ಯವಾಗಿ ಮೂರು ಯಂತ್ರಗಳು ಸಾಲಾಗಿ ಕೆಲಸ ಮಾಡುತ್ತವೆ. ಒಂದು ಧ್ವನಿಯನ್ನು ಅಕ್ಷರ ಮಾಡುತ್ತದೆ, ಇನ್ನೊಂದು ಆ ಅಕ್ಷರವನ್ನು ಬೇರೆ ಭಾಷೆಗೆ ತರುತ್ತದೆ, ಮೂರನೆಯದು ಅದನ್ನು ಮತ್ತೆ ಧ್ವನಿ ಮಾಡುತ್ತದೆ. ಮೊದಲನೆಯದು ತಪ್ಪಾಗಿ ಕೇಳಿಸಿಕೊಂಡರೆ ಉಳಿದೆರಡು ಆ ತಪ್ಪನ್ನೇ ಶುದ್ಧ ವ್ಯಾಕರಣದಲ್ಲಿ ಒಪ್ಪಿಸುತ್ತವೆ. ನೆಟ್ ಇದ್ದಾಗ ಈ ಕೆಲಸ ದೂರದ ದೊಡ್ಡ ಕಂಪ್ಯೂಟರುಗಳಲ್ಲಿ ಆಗುತ್ತದೆ. ಆಫ್‌ಲೈನ್ ಅಂದರೆ ಮೂರನ್ನೂ ಕಿಸೆಯಲ್ಲಿರುವ ಫೋನಿಗೆ ಇಳಿಸಬೇಕು. ಅದಕ್ಕಾಗಿ ಮಾದರಿಯನ್ನು ಕುಗ್ಗಿಸುತ್ತಾರೆ. 32 ಬಿಟ್‌ನಲ್ಲಿಟ್ಟ ಸಂಖ್ಯೆಗಳನ್ನು 8 ಬಿಟ್‌ಗೆ ಇಳಿಸಿದರೆ ಜಾಗ ಕಾಲುಭಾಗಕ್ಕೆ ಬರುತ್ತದೆ. 2018ರಲ್ಲಿ ಗೂಗಲ್ ಟ್ರಾನ್ಸ್‌ಲೇಟ್ 59 ಭಾಷೆಗಳಿಗೆ ನರಜಾಲ ಆಧಾರಿತ ಆಫ್‌ಲೈನ್ ಪ್ಯಾಕ್ ಕೊಟ್ಟಾಗ ಒಂದೊಂದರ ಗಾತ್ರ 35ರಿಂದ 45 ಎಂಬಿ ಮಾತ್ರ. ಕನ್ನಡವೂ ಆ ಪಟ್ಟಿಯಲ್ಲಿತ್ತು. ಅದು ದೊಡ್ಡ ಸಂಗತಿಯೇ. ಆದರೆ ಅದು ಅಕ್ಷರದ ಅನುವಾದ, ಮಾತಿನದಲ್ಲ.

ಮಾತಿಗೆ ಬಂದಾಗ ಪಟ್ಟಿ ಸಣ್ಣದಾಗುತ್ತದೆ. 2024ರ ಜನವರಿಯಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್24 ಫೋನಿನಲ್ಲಿ ಕರೆಯ ಮಧ್ಯೆಯೇ ಅನುವಾದ ಮಾಡುವ ಸೌಲಭ್ಯ ತಂದಿತು. ಶುರುವಿನಲ್ಲಿ 13 ಭಾಷೆ, ಭಾರತದ ನುಡಿಗಳಲ್ಲಿ ಹಿಂದಿ ಒಂದೇ. 2023ರಲ್ಲಿ ಮೆಟಾ ಪ್ರಕಟಿಸಿದ ಸೀಮ್‌ಲೆಸ್ ಎಂ4ಟಿ ಮಾದರಿ ಸುಮಾರು 100 ಭಾಷೆಗಳ ಮಾತು ಕೇಳಿಸಿಕೊಳ್ಳುತ್ತದೆ. ಅದರಲ್ಲಿ ಕನ್ನಡ ಇದೆ. ಆದರೆ ಮಾತಾಗಿ ಹೊರಗೆ ಬರುವ ಭಾಷೆಗಳಲ್ಲಿ ನಮ್ಮ ಕಡೆಯಿಂದ ಹಿಂದಿ, ಬಂಗಾಳಿ, ತೆಲುಗು, ಉರ್ದು ಇದ್ದವು, ಕನ್ನಡ ಇರಲಿಲ್ಲ. ಕನ್ನಡಕ್ಕೆ ಅಕ್ಷರವಷ್ಟೇ ಸಿಕ್ಕಿತು. ಅದೇ ಮಾದರಿಯ ಫೋನಿನಲ್ಲಿ ಓಡುವ ಸಣ್ಣ ರೂಪದಲ್ಲಿ ಭಾಷೆಗಳು ಐದು: ಇಂಗ್ಲಿಷ್, ಫ್ರೆಂಚ್, ಹಿಂದಿ, ಪೋರ್ಚುಗೀಸ್, ಸ್ಪ್ಯಾನಿಷ್. ಅಂದರೆ ಯಂತ್ರ ಸಣ್ಣದಾದಷ್ಟೂ ಮೊದಲು ಹೊರಬೀಳುವುದು ನಮ್ಮಂಥ ಭಾಷೆಗಳು. ಕನ್ನಡದ್ದೇ ಈ ಪಾಡಾದರೆ ಬಡಗ, ಸೋಲಿಗ, ಬ್ಯಾರಿಯ ಮಾತು ಎತ್ತುವುದೇ ಬೇಡ. ತುಳು ಗೂಗಲ್ ಟ್ರಾನ್ಸ್‌ಲೇಟಿಗೆ ಬಂದದ್ದು 2024ರಲ್ಲಿ.

ಈಗ ದಾರಿಯ ವಿಷಯ. ಅನುವಾದ ಯಂತ್ರಕ್ಕೆ ಕಲಿಸುವುದು ಜೋಡಿ ವಾಕ್ಯಗಳಿಂದ. ಎಐ4ಭಾರತ್ ತಂಡ 2021ರಲ್ಲಿ ತಂದ ‘ಸಮಾನಂತರ್’ ಸಂಗ್ರಹ ನಮ್ಮ ಭಾಷೆಗಳ ಮಟ್ಟಿಗೆ ಬಹಳ ದೊಡ್ಡ ಕೆಲಸ. ಅದರಲ್ಲಿ ಇಂಗ್ಲಿಷ್ ಮತ್ತು 11 ಭಾರತೀಯ ಭಾಷೆಗಳ ನಡುವೆ 4.97 ಕೋಟಿ ವಾಕ್ಯಜೋಡಿಗಳಿವೆ. ಭಾರತೀಯ ಭಾಷೆಗಳ ನಡುವಿನ ಜೋಡಿಗಳೂ ಇವೆ, ಆದರೆ ಅವನ್ನು ಹೊಂದಿಸಿದ್ದು ಇಂಗ್ಲಿಷನ್ನು ನಡುವೆ ಇಟ್ಟುಕೊಂಡು. ಒಂದೇ ಇಂಗ್ಲಿಷ್ ವಾಕ್ಯಕ್ಕೆ ಕನ್ನಡದಲ್ಲೂ ಮಲಯಾಳದಲ್ಲೂ ಅನುವಾದ ಇದ್ದರೆ ಆ ಎರಡೂ ಜೋಡಿಯಾಗುತ್ತವೆ. ಮಂಜೇಶ್ವರದ ಸಂತೆಯಲ್ಲಿ ಕನ್ನಡದವನೊಬ್ಬ ಮಲಯಾಳದವನೊಬ್ಬನಿಗೆ ಹೇಳಿದ ಮಾತು ಈ ವಿಧಾನದ ಬಲೆಗೆ ಬೀಳುವುದಿಲ್ಲ, ಅದನ್ನು ಯಾರೂ ಇಂಗ್ಲಿಷಿನಲ್ಲಿ ಬರೆದಿಲ್ಲವಲ್ಲ.

ಸುತ್ತುದಾರಿಯ ನಷ್ಟ ವೇಗದಲ್ಲೂ ಇದೆ. ‘ನಾನು ನಾಳೆ ಆಸ್ಪತ್ರೆಗೆ ಹೋಗುತ್ತೇನೆ’ ಎಂಬುದು ಮಲಯಾಳದಲ್ಲಿ ‘ಞಾನ್ ನಾಳೆ ಆಶುಪತ್ರಿಯಿಲ್ ಪೋಗುಂ’. ನಾಲ್ಕು ಪದ, ಅದೇ ಕ್ರಮ. ಮಾತು ಮುಗಿಯುವ ಮೊದಲೇ ಪದಕ್ಕೆ ಪದ ಹೇಳುತ್ತಾ ಹೋಗಬಹುದು. ಇಂಗ್ಲಿಷಿನಲ್ಲಿ ಕ್ರಿಯಾಪದ ಕರ್ತೃವಿನ ಬೆನ್ನಿಗೇ ಬರಬೇಕು. ಕನ್ನಡದಲ್ಲಿ ಅದು ಕೊನೆಗೆ ಬರುವುದರಿಂದ ಯಂತ್ರ ವಾಕ್ಯ ಮುಗಿಯುವವರೆಗೆ ಕಾಯಬೇಕಾಗುತ್ತದೆ, ಅಥವಾ ಊಹಿಸಬೇಕಾಗುತ್ತದೆ. ಮತ್ತೆ ಮಲಯಾಳಕ್ಕೆ ಬರುವಾಗ ಎಲ್ಲವನ್ನೂ ತಿರುಗಾ ಜೋಡಿಸಬೇಕು. ‘ಆ ಕ್ಷಣದ ಅನುವಾದ’ ಎಲ್ಲಿ ಸುಲಭವೋ ಅಲ್ಲೇ ಅದನ್ನು ಕಷ್ಟ ಮಾಡಿಕೊಂಡಂತಾಯಿತು.

ಗಡಿಯ ಜನ ಇದನ್ನು ಬೇರೆ ರೀತಿಯಲ್ಲಿ ಬಗೆಹರಿಸಿಕೊಂಡಿದ್ದಾರೆ. ಭಾಷಾಶಾಸ್ತ್ರ ಓದಿದವರಿಗೆ ಕುಪ್ವಾಡ್ ಗೊತ್ತು. ಜತ್ತ ಇರುವ ಸಾಂಗ್ಲಿ ಜಿಲ್ಲೆಯದೇ ಊರು. ಜಾನ್ ಗುಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರ ಪ್ರಬಂಧದಲ್ಲಿ ಅಲ್ಲಿಯ ಕನ್ನಡ, ಮರಾಠಿ, ಉರ್ದು ನುಡಿಗಳನ್ನು ಹೋಲಿಸಿದರು. ತಲೆಮಾರುಗಳ ಸಹವಾಸದಲ್ಲಿ ಅವುಗಳ ವಾಕ್ಯರಚನೆ ಎಷ್ಟು ಹತ್ತಿರ ಬಂದಿತ್ತು ಅಂದರೆ, ಒಂದು ಭಾಷೆಯ ವಾಕ್ಯವನ್ನು ಪದಕ್ಕೆ ಪದ ಇಟ್ಟು ಇನ್ನೊಂದಕ್ಕೆ ತರಬಹುದಿತ್ತು. ‘ಇದು ನಿಮ್ಮ ಮನೆ’ ಎಂದು ಪುಸ್ತಕದ ಕನ್ನಡ ನಿಲ್ಲಿಸುವಲ್ಲಿ, ಅಲ್ಲಿಯ ಕನ್ನಡ ಮರಾಠಿ-ಉರ್ದುವಿನ ಹಾಗೆ ಕೊನೆಗೊಂದು ‘ಐತಿ’ ಸೇರಿಸುತ್ತದೆ. ಹಾಗಿದ್ದೂ ಯಾರೂ ತಮ್ಮ ಭಾಷೆ ಬಿಡಲಿಲ್ಲ. ಪದಗಳು ಬೇರೆಯಾಗಿಯೇ ಉಳಿದವು, ಮನೆಯಲ್ಲಿ ಮನೆಮಾತೇ ನಡೆಯಿತು. ಆಫ್‌ಲೈನ್ ಆಗಿ, ಆ ಕ್ಷಣವೇ ನಡೆಯುವ ಮಾತಿನ ಅನುವಾದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಮಾದರಿ ಇದು. ಪ್ರಮಾಣ ಕನ್ನಡ ಕಲಿತ ಯಂತ್ರಕ್ಕೆ ಮಾತ್ರ ಆ ‘ಐತಿ’ ಹೆಚ್ಚುವರಿ ಪದ, ತಿದ್ದಿ ತೆಗೆಯಬೇಕಾದ್ದು.

ಇನ್ನು ‘ನಾವು’. ಇಂದಿನ ಪ್ರಮಾಣ ಕನ್ನಡದಲ್ಲಿ ಕೇಳುವವರನ್ನು ಸೇರಿಸಿಕೊಂಡರೂ ನಾವು, ಹೊರಗಿಟ್ಟರೂ ನಾವು. ನಮ್ಮ ಸುತ್ತಲಿನ ಭಾಷೆಗಳಲ್ಲಿ ಇವೆರಡಕ್ಕೂ ಬೇರೆ ಬೇರೆ ಪದ. ‘ನಮ್ಮ ಶಾಲೆ’ ಅನ್ನುವುದನ್ನು ಮಲಯಾಳದಲ್ಲಿ ನಮ್ಮುಡೆ ಅಂತಲೋ ಞಙ್ಙಳುಡೆ ಅಂತಲೋ ಹೇಳಬೇಕು. ಮರಾಠಿಯಲ್ಲಿ ಆಪಲಿ ಶಾಳಾ, ಆಮಚಿ ಶಾಳಾ. ತೆಲುಗಿನಲ್ಲಿ ಮನ ಬಡಿ, ಮಾ ಬಡಿ. ತಮಿಳಿನಲ್ಲಿ ನಮ್ಮ ಪಳ್ಳಿ, ಎಂಗಳ್ ಪಳ್ಳಿ. ತುಳುವಿನಲ್ಲಿ ನಮ್ಮ, ಎಂಕ್ಲೆನ. ಕಾಸರಗೋಡಿನ ನನ್ನ ಮನೆಮಾತು ಹವ್ಯಕ ಕನ್ನಡ. ಅದರಲ್ಲೂ ಈ ಭೇದ ಉಳಿದಿದೆ: ನಿಮ್ಮನ್ನೂ ಸೇರಿಸಿದರೆ ‘ನಮ್ಮ ಶಾಲೆ’, ಸೇರಿಸದಿದ್ದರೆ ‘ಎಂಗಳ ಶಾಲೆ’. ಎಂಗಳ ಅನ್ನುವುದರಿಂದ ಞಙ್ಙಳುಡೆ ಅನ್ನುವುದಕ್ಕೆ ನೇರ ದಾರಿ ಇದೆ. ಆಪ್‌ಗೆ ಕನ್ನಡ ಅಂದರೆ ಪ್ರಮಾಣ ಕನ್ನಡ ಮಾತ್ರ, ನಡುವೆ ಇಂಗ್ಲಿಷ್ ಇದ್ದರೆ ‘ವಿ’ ಮತ್ತು ‘ಅವರ್’ ಮಾತ್ರ. ಅಲ್ಲಿಂದ ಮಲಯಾಳಕ್ಕೆ ದಾಟುವಾಗ ಯಂತ್ರ ಎರಡರಲ್ಲಿ ಒಂದನ್ನು ಆರಿಸಲೇಬೇಕು. ಆರಿಸಲು ವಾಕ್ಯದಲ್ಲಿ ಆಧಾರ ಇರುವುದಿಲ್ಲ.

ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಒಂದು ಆಪ್‌ನಲ್ಲಿ ನೋಡಿದೆ. ಹೆಸರು ಬೇಡ, ಒಂದು ಫೋನಿನ ಹತ್ತಾರು ವಾಕ್ಯಗಳಿಂದ ತೀರ್ಪು ಕೊಡುವುದೂ ಬೇಡ. ‘ನಮ್ಮ ಊರಿನ ನೀರಿನ ಸಮಸ್ಯೆಯನ್ನು ನಾವೇ ಪರಿಹರಿಸಬೇಕು’ ಎಂದು ಕೊಟ್ಟೆ. ಮಲಯಾಳದಲ್ಲಿ ಬಂದದ್ದು ಞಙ್ಙಳುಡೆ, ಞಙ್ಙಳ್. ವ್ಯಾಕರಣ ಸರಿಯಾಗಿಯೇ ಇದೆ. ಆದರೆ ಇದನ್ನು ಗ್ರಾಮಸಭೆಯಲ್ಲಿ ಎದ್ದು ನಿಂತವರ ಬಾಯಲ್ಲಿಟ್ಟು ನೋಡಿ. ಕನ್ನಡದಲ್ಲಿ ಆಕೆ ಹೇಳಿದ್ದು ಇಲ್ಲಿ ಕೂತ ಎಲ್ಲರ ಊರು ಎಂದು. ಮಲಯಾಳ ಕೇಳಿದವರಿಗೆ ಸಿಕ್ಕಿದ್ದು ‘ನಿಮ್ಮದಲ್ಲದ, ನಮ್ಮ ಊರು’. 1956ರಲ್ಲಿ ರಾಜ್ಯಗಳ ಗಡಿ ಎಳೆದಾಗಿನಿಂದ, 1967ರ ಮಹಾಜನ ವರದಿಯ ನಂತರವಂತೂ, ಗಡಿಯ ಕನ್ನಡಿಗರು ಈ ಒಂದು ಸಂಶಯದ ಜೊತೆ ಬದುಕುತ್ತಿದ್ದಾರೆ: ಇವರು ಇಲ್ಲಿಯವರೋ ಅಲ್ಲಿಯವರೋ ಎಂಬ ಸಂಶಯ. ಅದಕ್ಕೆ ಉತ್ತರ ಕೊಡಲು ನಮಗಿರುವ ಅತಿ ಚಿಕ್ಕ ಪದ ‘ನಮ್ಮ’. ಯಂತ್ರ ಅದನ್ನೇ ತಿರುಗಿಸಿಟ್ಟಿತು. ಹೇಳಿದವಳಿಗೆ ಅದು ಗೊತ್ತಾಗುವುದೂ ಇಲ್ಲ.

ಒಂದು ಆಕ್ಷೇಪ ಬರಬಹುದು: ತಂತ್ರಜ್ಞಾನ ಸುಧಾರಿಸುತ್ತದೆ ಮಾರಾಯ್ರೆ, ಇಷ್ಟು ಬೇಗ ವಿಮರ್ಶೆ ಯಾಕೆ? ಸುಧಾರಿಸುತ್ತಿದೆ, ಹೌದು. ಎಐ4ಭಾರತ್‌ನ 2023ರ ಇಂಡಿಕ್‌ಟ್ರಾನ್ಸ್2 ಸಂವಿಧಾನದ ಪರಿಶಿಷ್ಟದ 22 ಭಾಷೆಗಳನ್ನೂ ಒಳಗೊಂಡಿತು. ಭಾರತೀಯ ಭಾಷೆಯಿಂದ ಭಾರತೀಯ ಭಾಷೆಗೆ ಹೋಗುವ ಮಾದರಿಯೂ ಅದರಲ್ಲಿದೆ, ಕುಗ್ಗಿಸಿದ ರೂಪಗಳೂ ಇವೆ. ಸುತ್ತುದಾರಿ ಅನಿವಾರ್ಯವಲ್ಲ ಎಂಬುದು ಅಷ್ಟರಮಟ್ಟಿಗೆ ಸಾಬೀತಾಗಿದೆ. ಆದರೆ ‘ನಾವು’ವಿನ ಸಮಸ್ಯೆ ನೇರ ದಾರಿಯಲ್ಲೂ ಉಳಿಯುತ್ತದೆ. ಅದನ್ನು ಬಿಡಿಸುವುದು ಸಂದರ್ಭ ಬಲ್ಲವರು, ಇಲ್ಲವೇ ಮಾತಾಡಿದವರನ್ನೇ ‘ಇವರನ್ನೂ ಸೇರಿಸಿಯೋ?’ ಎಂದು ಕೇಳುವ ಆಪ್. ಇಂಥ ಒಂದು ಪ್ರಶ್ನೆ ತೆರೆಯ ಮೇಲೆ ಬರುವಂತೆ ಮಾಡುವುದು ಕಷ್ಟದ ಎಂಜಿನಿಯರಿಂಗ್ ಅಲ್ಲ. ಬೇಕು ಎಂದು ಯಾರಾದರೂ ಕೇಳಬೇಕು.

ಈ ಆಪ್‌ಗಳು ಬೇಡ ಎಂದು ನಾನು ಹೇಳುತ್ತಿಲ್ಲ. ತಾಳವಾಡಿಯ ಬೆಟ್ಟದಲ್ಲಿ, ವಯನಾಡಿನ ಕಾಡಿನ ಅಂಚಿನಲ್ಲಿ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಂಥ ಕಡೆ ಆಫ್‌ಲೈನ್ ಅನ್ನುವುದು ದೊಡ್ಡ ಅನುಕೂಲ. ಇನ್ನೊಂದು ಗುಣವೂ ಇದೆ. ಡಾಕ್ಟರ ಎದುರು ಹೆಂಗಸೊಬ್ಬಳು ಹೇಳಿಕೊಳ್ಳುವ ಮಾತು ಆಕೆಯ ಫೋನಿನಿಂದ ಹೊರಗೆ ಹೋಗುವುದಿಲ್ಲ. ಇಷ್ಟು ದಿನ ಅಂಥಲ್ಲಿ ನಡುವೆ ನಿಂತು ಅನುವಾದಿಸುತ್ತಿದ್ದುದು ಶಾಲೆಗೆ ಹೋಗುವ ಮಗ, ಇಲ್ಲವೇ ಪಕ್ಕದ ಮನೆಯವರು. ಅವರ ಮುಂದೆ ಹೇಳಲಾಗದ್ದನ್ನು ಯಂತ್ರದ ಮುಂದೆ ಹೇಳಬಹುದು. ಈ ಲಾಭವನ್ನು ಕಡಿಮೆ ಎಂದು ಎಣಿಸಬಾರದು.

ನನ್ನ ಆತಂಕ ಆಪ್ ಯಾರ ಕೈಯಲ್ಲಿದೆ ಎಂಬುದರದು. ಜನರ ಕೈಯಲ್ಲಿದ್ದರೆ ಅದು ಸಹಾಯ. ಕಚೇರಿಯ ಕೈಗೆ ಹೋದರೆ ನೆಪವಾಗಬಹುದು: ‘ಫೋನಿನಲ್ಲಿ ಅನುವಾದ ಇದೆಯಲ್ಲ, ಕನ್ನಡ ಬಲ್ಲ ನೌಕರ ಯಾಕೆ?’ ಸಂವಿಧಾನದ 350ನೇ ವಿಧಿ ನಮ್ಮ ದೂರನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕು ಕೊಟ್ಟಿದೆ. 1956ರಲ್ಲಿ ಸೇರಿದ 350ಎ ಪ್ರಾಥಮಿಕ ಹಂತದಲ್ಲಿ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಮಾಡಬೇಕು ಎನ್ನುತ್ತದೆ. ಕಾಸರಗೋಡಿನ ಕನ್ನಡ ಶಾಲೆಗಳಿಗೆ ಕನ್ನಡ ತಿಳಿಯದ ಅಧ್ಯಾಪಕರನ್ನು ನೇಮಿಸಿದ್ದರ ವಿರುದ್ಧ ಮಕ್ಕಳು, ಪೋಷಕರು ಪ್ರತಿಭಟನೆಗೆ ಇಳಿದದ್ದು ನಮಗೆಲ್ಲ ಗೊತ್ತು. ನಾಳೆ ಅಂಥ ಅಧ್ಯಾಪಕರ ಕೈಗೆ ಒಂದು ಆಪ್ ಕೊಟ್ಟು ಸಮಸ್ಯೆ ಮುಗಿಯಿತು ಎಂದರೆ? ಮಗು ಗಣಿತದಲ್ಲಿ ಎಲ್ಲಿ ತಡವರಿಸಿತು ಎಂದು ತಿಳಿಯಲು ಅದರ ವಾಕ್ಯದ ಅರ್ಥ ಸಾಲದು. ಅದು ಯಾವ ಪದದ ಹತ್ತಿರ ನಿಂತಿತು, ಯಾವುದನ್ನು ಮನೆಮಾತಿನಲ್ಲಿ ಹೇಳಿತು ಎಂಬುದು ಅಧ್ಯಾಪಕರ ಕಿವಿಗೆ ಬೀಳಬೇಕು. ಯಂತ್ರ ಮೊದಲು ಅಳಿಸಿ ಹಾಕುವುದು ಆ ತಡವರಿಕೆಯನ್ನೇ.

ಹಾಗಾಗಿ ಈ ಸಂಕಿರಣದ ವಿದ್ಯಾರ್ಥಿಗಳ ಮುಂದೆ ಒಂದು ಕೆಲಸ ಇಡುತ್ತೇನೆ. ಯಂತ್ರಾನುವಾದದ ಪರೀಕ್ಷೆಗೆ ಬಳಸುವ ವಾಕ್ಯಗಳು ಬಹುಪಾಲು ಇಂಗ್ಲಿಷಿನಲ್ಲಿ ಹುಟ್ಟಿದವು. ನಾವು ಗಡಿಯಲ್ಲಿ ಹುಟ್ಟಿದ ಪರೀಕ್ಷೆಯೊಂದನ್ನು ಕಟ್ಟಬಹುದು. ಅಕ್ಕಲಕೋಟೆಯವರು ಕನ್ನಡ–ಮರಾಠಿ, ಮಡಕಶಿರಾ, ರಾಯದುರ್ಗದವರು ಕನ್ನಡ–ತೆಲುಗು, ಹೊಸೂರಿನವರು ಕನ್ನಡ–ತಮಿಳು, ನಾವು ಕನ್ನಡ–ಮಲಯಾಳ. ತಲಾ ಇನ್ನೂರು ವಾಕ್ಯ ಸಾಕು. ಅಕ್ಷಯ ಕೇಂದ್ರದಲ್ಲಿ, ರೇಷನ್ ಅಂಗಡಿಯಲ್ಲಿ, ಆಸ್ಪತ್ರೆಯ ಚೀಟಿ ಸಾಲಿನಲ್ಲಿ ನಿಜವಾಗಿ ಆಡುವಂಥವು, ಆಡಿದವರ ಒಪ್ಪಿಗೆಯಿಂದ, ಆಡಿದ ಹಾಗೆಯೇ ಬರೆದಿಟ್ಟವು. ಪ್ರತಿ ‘ನಾವು’ವಿನ ಎದುರಿಗೂ ಕೇಳುವವರು ಒಳಗೋ ಹೊರಗೋ ಎಂದು ಗುರುತು ಹಾಕೋಣ. ಪ್ರತಿ ‘ನೀನು’, ‘ನೀವು’ಗೆ ಯಾರು ಯಾರಿಗೆ ಹೇಳಿದ್ದು ಎಂದು ಬರೆಯೋಣ, ಇಂಗ್ಲಿಷಿನ ‘ಯೂ’ ಅದನ್ನೂ ನುಂಗುತ್ತದೆ. ಆಮೇಲೆ ಯಾವ ಆಪ್ ಬಂದರೂ, ಯಾವ ಸರ್ಕಾರ ಅದನ್ನು ಕಚೇರಿಗೆ ತಂದರೂ, ಈ ಪಟ್ಟಿಯನ್ನು ಮುಂದಿಟ್ಟು ಕೇಳಬಹುದು: ನಮ್ಮ ಮಾತಿನಲ್ಲಿ ಎಷ್ಟು ದಾಟಿತು, ಎಷ್ಟು ಬಿತ್ತು?

ಪ್ರಶ್ನೆಗಳಿಗೆ ಸಮಯ ಉಳಿಸಿ ಇಲ್ಲಿಗೆ ಮುಗಿಸುತ್ತೇನೆ. ಸೊಲ್ಲಾಪುರ, ಜತ್ತದ ಕಡೆಯವರು ಯಾರಾದರೂ ಇದ್ದರೆ, ನಿಮ್ಮ ಮನೆಮಾತಿನಲ್ಲಿ ‘ನಾವು’ ಒಂದೋ ಎರಡೋ ಎಂಬುದನ್ನು ದಯವಿಟ್ಟು ಹೇಳಿ. ಪಟ್ಟಿಯ ಮೊದಲ ಸಾಲು ಅದೇ ಆಗಲಿ.