ಸೂತ್ರ ಸರಿ, ಓದುವ ಕ್ರಮ ತಪ್ಪು

ತರಂಗಗಳ ಪಾಠದಲ್ಲಿ ಬಹುತೇಕ ಎಲ್ಲರಿಗೂ ನೆನಪಿನಲ್ಲಿ ಉಳಿಯುವುದು ಒಂದೇ ಸೂತ್ರ: ವೇಗ = ಆವೃತ್ತಿ × ತರಂಗದೂರ. ಆವರ್ತಕಾಲವು ಆವೃತ್ತಿಯ ವ್ಯುತ್ಕ್ರಮವಾದ್ದರಿಂದ ಇದನ್ನೇ ವೇಗ = ತರಂಗದೂರ ÷ ಆವರ್ತಕಾಲ ಎಂದೂ ಬರೆಯಬಹುದು. ಒಂದು ಆವರ್ತಕಾಲದಲ್ಲಿ ಅಲೆಯು ಒಂದು ತರಂಗದೂರದಷ್ಟು ಮುಂದೆ ಸಾಗುತ್ತದೆ ಎಂಬುದಷ್ಟೇ ಇದರ ಅರ್ಥ. ಸೂತ್ರದಲ್ಲಿ ದೋಷವಿಲ್ಲ. ದೋಷವಿರುವುದು ಅದನ್ನು ನಾವು ಕಲಿಸುವ ಮತ್ತು ಲೇಖನಗಳಲ್ಲಿ ಬಳಸುವ ರೀತಿಯಲ್ಲಿ.

ಪಾಠದ ಕೊನೆಯ ಲೆಕ್ಕಗಳೆಲ್ಲ ಸಾಮಾನ್ಯವಾಗಿ ಒಂದೇ ಬಗೆಯವು. ಎರಡು ರಾಶಿ ಕೊಟ್ಟಿದೆ, ಮೂರನೆಯದನ್ನು ಕಂಡುಹಿಡಿಯಿರಿ. ಇಂಥ ಲೆಕ್ಕಗಳನ್ನು ಮಾಡಿದ ವಿದ್ಯಾರ್ಥಿಯನ್ನು 'ಆವೃತ್ತಿ ಇಮ್ಮಡಿಯಾದರೆ ಶಬ್ದದ ವೇಗ ಏನಾಗುತ್ತದೆ?' ಎಂದು ಕೇಳಿ ನೋಡಿ. 'ಇಮ್ಮಡಿಯಾಗುತ್ತದೆ' ಎಂಬ ಉತ್ತರ ಬಂದರೆ ಆಶ್ಚರ್ಯವಿಲ್ಲ. ಸೂತ್ರ ಹಾಗೆ ಹೇಳುವಂತೆಯೇ ಕಾಣುತ್ತದೆ. ಇದು ನಿಜವಾಗಿದ್ದರೆ ಜಾತ್ರೆಯಲ್ಲಿ ನುಡಿಸುವ ನಾಗಸ್ವರದ ಏರುದನಿ ದೂರದಲ್ಲಿರುವವರನ್ನು ಮೊದಲು ತಲಪಿ, ಡೋಲಿನ ಪೆಟ್ಟು ಆಮೇಲೆ ಬರಬೇಕಿತ್ತು. ತಾಳ ಹಾಗೆ ತಪ್ಪುವುದನ್ನು ಯಾರೂ ಕೇಳಿಲ್ಲ.

20 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. 256 ಹರ್ಟ್ಸ್‌ನ ಶ್ರುತಿಕವೆಯ ತರಂಗದೂರ 1.34 ಮೀಟರ್, 512 ಹರ್ಟ್ಸ್‌ನದು 0.67 ಮೀಟರ್. ಆವೃತ್ತಿಯನ್ನು ಕವೆ ನಿರ್ಧರಿಸುತ್ತದೆ, ವೇಗವನ್ನು ಗಾಳಿ ನಿರ್ಧರಿಸುತ್ತದೆ. ಇವೆರಡಕ್ಕೂ ಹೊಂದಿಕೊಂಡು ಬರುವುದು ತರಂಗದೂರ. ಸೂತ್ರವು ಮೂರು ರಾಶಿಗಳ ಲೆಕ್ಕ ಸರಿದೂಗಿಸುತ್ತದೆ. ಯಾವುದು ಕಾರಣ, ಯಾವುದು ಪರಿಣಾಮ ಎಂದು ಹೇಳುವುದಿಲ್ಲ. ಅದಕ್ಕೆ ಮಾಧ್ಯಮದ ಬಗೆಗಿನ ಇನ್ನೊಂದು ಸಂಬಂಧ ಬೇಕು. ಪಾಠಗಳು ಕೈಬಿಡುವುದು ಇದನ್ನೇ.

ಈ ಕೊರತೆ ಪರೀಕ್ಷೆಯ ಅಂಕಗಳಿಗಷ್ಟೇ ಸೀಮಿತವಲ್ಲ. 2004ರ ಡಿಸೆಂಬರ್ 26ರ ಸುನಾಮಿಯ ನಂತರ ಬಂದ ವಿವರಣೆಗಳಲ್ಲಿ 'ದಡ ಸಮೀಪಿಸಿದಂತೆ ತರಂಗದೂರ ಕುಗ್ಗುತ್ತದೆ, ಆದ್ದರಿಂದ ವೇಗ ಇಳಿಯುತ್ತದೆ' ಎಂಬ ಧಾಟಿ ಸಾಮಾನ್ಯ. ಇದು ತಲೆಕೆಳಗಾದ ಮಾತು. ಸುನಾಮಿಯ ತರಂಗದೂರ ಸಾಗರದ ಆಳಕ್ಕಿಂತ ಬಹಳ ಹೆಚ್ಚು. ಅಂಥ ಅಲೆಯ ವೇಗವು ಗುರುತ್ವ ವೇಗೋತ್ಕರ್ಷ ಮತ್ತು ಆಳಗಳ ಗುಣಲಬ್ಧದ ವರ್ಗಮೂಲಕ್ಕೆ ಸಮ. 4000 ಮೀಟರ್ ಆಳದಲ್ಲಿ ಅದು ಸೆಕೆಂಡಿಗೆ 198 ಮೀಟರ್, ಅಂದರೆ ಗಂಟೆಗೆ ಸುಮಾರು 713 ಕಿ.ಮೀ. 10 ಮೀಟರ್ ಆಳದಲ್ಲಿ ಗಂಟೆಗೆ ಸುಮಾರು 36 ಕಿ.ಮೀ. ಮೊದಲು ಇಳಿಯುವುದು ವೇಗ. ತರಂಗದೂರ ಅದನ್ನು ಹಿಂಬಾಲಿಸುತ್ತದೆ. ಆವರ್ತಕಾಲ 20 ನಿಮಿಷ ಎಂದಿಟ್ಟುಕೊಂಡರೆ ಆಳದಲ್ಲಿ 238 ಕಿ.ಮೀ. ಇದ್ದ ತರಂಗದೂರ ದಡದ ಬಳಿ 12 ಕಿ.ಮೀ.ಗೆ ಇಳಿಯುತ್ತದೆ.

ಆವರ್ತಕಾಲ ಮಾತ್ರ ಬದಲಾಗುವುದಿಲ್ಲ. ಏಕೆ? ಶಿರಾಡಿ ಘಾಟಿಯನ್ನು ನೆನೆಯಿರಿ. ಬಯಲಿನಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ನಿಮಿಷಕ್ಕೊಂದರಂತೆ ಲಾರಿಗಳು ಬರುತ್ತಿದ್ದರೆ ಅವುಗಳ ನಡುವಿನ ಅಂತರ 1 ಕಿ.ಮೀ. ಘಾಟಿಯಲ್ಲಿ ವೇಗ 20 ಕಿ.ಮೀ.ಗೆ ಇಳಿದಾಗ ಅಂತರ 333 ಮೀಟರ್ ಆಗುತ್ತದೆ. ಆದರೆ ರಸ್ತೆ ಬದಿಯಲ್ಲಿ ನಿಂತವನ ಮುಂದೆ ಈಗಲೂ ಹಾಯುವುದು ನಿಮಿಷಕ್ಕೊಂದೇ ಲಾರಿ. ಅಲೆಯ ಶಿಖರಗಳೂ ಹಾಗೆಯೇ. ಒಳಗೆ ಬಂದಷ್ಟು ಮುಂದೆ ಹೋಗಲೇಬೇಕು, ನಡುವೆ ಹುಟ್ಟುವುದಿಲ್ಲ, ಕಳೆದುಹೋಗುವುದೂ ಇಲ್ಲ.

ವಿವರಣೆಗಳಲ್ಲಿ ವೇಗಕ್ಕೆ ಜೆಟ್ ವಿಮಾನದ ಹೋಲಿಕೆ ಸಿಗುತ್ತದೆ, ಎತ್ತರಕ್ಕೆ ಮಹಡಿಗಳ ಹೋಲಿಕೆ ಸಿಗುತ್ತದೆ. ಆವರ್ತಕಾಲಕ್ಕೆ ಒಂದು ವಾಕ್ಯವೂ ಸಿಗದಿರುವುದುಂಟು. ದಡದಲ್ಲಿ ನಿಂತವನ ಜೀವ ಉಳಿಸುವ ರಾಶಿ ಅದೇ. ಸಾಮಾನ್ಯ ಕಡಲಲೆಗಳು ಕೆಲವೇ ಸೆಕೆಂಡುಗಳಿಗೊಮ್ಮೆ ಬರುತ್ತವೆ. ಸುನಾಮಿಯ ಎರಡು ಅಲೆಗಳ ನಡುವೆ ಹತ್ತಾರು ನಿಮಿಷ ಹಿಡಿಯಬಹುದು. ಮೊದಲ ಅಲೆ ಹಿಂಜರಿದಾಗ 'ಮುಗಿಯಿತು' ಎಂದುಕೊಂಡು ಮರಳುವವರು ಅಪಾಯಕ್ಕೆ ಸಿಲುಕುವುದು ಇದರಿಂದ. 1960ರ ಮೇ ತಿಂಗಳಲ್ಲಿ ಚಿಲಿಯ ಭೂಕಂಪದಿಂದೆದ್ದ ಸುನಾಮಿ ಹವಾಯಿಯ ಹಿಲೋ ಪಟ್ಟಣವನ್ನು ಮಧ್ಯರಾತ್ರಿಯ ನಂತರ ತಲಪಿತು. ಮೊದಲು ಬಂದವು ಸಣ್ಣ ಅಲೆಗಳು. ಅಪಾಯ ಕಳೆಯಿತೆಂದು ಕೆಲವರು ಮರಳಿದ್ದರು. ವಿನಾಶಕಾರಿ ಅಲೆ ಬಂದದ್ದು ರಾತ್ರಿ 1 ಗಂಟೆಯ ನಂತರ. ಅಲ್ಲಿ 61 ಮಂದಿ ಸತ್ತರು.

ಹೈದರಾಬಾದಿನಲ್ಲಿ 2007ರಿಂದ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಕೆಲಸ ಮಾಡುತ್ತಿದೆ. ಎಚ್ಚರಿಕೆ ದಡಕ್ಕೆ ತಲಪಿದ ಮೇಲೆ ಎಷ್ಟು ಹೊತ್ತು ದೂರವಿರಬೇಕೆಂಬ ತಿಳಿವಳಿಕೆ ಜನರಲ್ಲಿಯೇ ಇರಬೇಕು. ಆದ್ದರಿಂದ ಶಿಕ್ಷಕರಲ್ಲಿ, ಲೇಖಕರಲ್ಲಿ ಒಂದು ವಿನಂತಿ. ಸೂತ್ರ ಬರೆದ ಕೂಡಲೇ ಮೂರು ಪ್ರಶ್ನೆ ಕೇಳಿ: ಇಲ್ಲಿ ವೇಗವನ್ನು ನಿರ್ಧರಿಸುವುದು ಯಾವುದು? ಬದಲಾಗದೆ ಉಳಿಯುವುದು ಯಾವುದು? ಹೊಂದಿಕೊಳ್ಳುವುದು ಯಾವುದು? ಉತ್ತರ ಸಿಕ್ಕ ಮೇಲೆ ಲೆಕ್ಕ ಮಾಡಿಸಿ.