ಕೊರೆತದ ಕೆಸರು ಮತ್ತು ನ್ಯಾನೋಕಣಗಳು: ಸಾಕ್ಷ್ಯದ ವಿಮರ್ಶೆ

ತೈಲಬಾವಿಗಳನ್ನು ಕೊರೆಯಲು ಬಳಸುವ ನೀರಿನ ಮೂಲದ ದ್ರವಕ್ಕೆ ನ್ಯಾನೋಕಣಗಳನ್ನು ಬೆರೆಸಿದರೆ ಅದರ ಗುಣವು ವೃದ್ಧಿಸುವುದೆಂದು ಸಾರುವ ಪ್ರಬಂಧಗಳು ಈಚಿನ ವರ್ಷಗಳಲ್ಲಿ ವಿಪುಲವಾಗಿ ಪ್ರಕಟವಾಗಿವೆ. ಇವುಗಳ ರಾಸಾಯನಿಕ ಸೂಕ್ಷ್ಮಗಳನ್ನು ಆ ಶಾಸ್ತ್ರದ ಪಂಡಿತರೇ ವಿವೇಚಿಸತಕ್ಕದ್ದು. ಆದರೆ ಒದಗಿಸಿದ ಸಾಕ್ಷ್ಯವು ನಿರ್ಣಯದ ಭಾರವನ್ನು ಹೊರಬಲ್ಲುದೇ ಎಂಬ ಪ್ರಶ್ನೆಯನ್ನು ಇತಿಹಾಸದ ಅಭ್ಯಾಸಿಯೂ ಕೇಳಬಹುದಾಗಿದೆ.

ಮೊದಲನೆಯದು ನೂತನತೆಯ ಮಾತು. ಟೆಕ್ಸಾಸಿನ ಸ್ಪಿಂಡಲ್‌ಟಾಪ್‌ನಲ್ಲಿ 1901ರಲ್ಲಿ ತೈಲ ಚಿಮ್ಮಿದ ಬಾವಿಯನ್ನು ಕೊರೆಯುವಾಗ, ಕುಸಿಯುವ ಮರಳನ್ನು ತಡೆಯಲು ಬರಿಯ ನೀರಿಗೆ ಬದಲಾಗಿ ಕೆಸರನ್ನು ಬಳಸಿದರು. ದನಗಳನ್ನು ಹೊಂಡದಲ್ಲಿ ಓಡಾಡಿಸಿ ಅದನ್ನು ಕಲಕಿದರೆಂಬ ಕಥೆಯೂ ಪ್ರಚಲಿತವಾಗಿದೆ. ಮುಂದೆ ರೂಢಿಗೆ ಬಂದ ಬೆಂಟೊನೈಟ್ ಜೇಡಿಯ ಒಂದೊಂದು ಹಾಳೆಯ ದಪ್ಪ ಸುಮಾರು 1 ನ್ಯಾನೋಮೀಟರ್, ಎಂದರೆ ಮಿಲಿಮೀಟರಿನ 10 ಲಕ್ಷದಲ್ಲೊಂದು ಪಾಲು. ಆದುದರಿಂದ ಅತಿಸೂಕ್ಷ್ಮ ವಸ್ತುವು ಈ ದ್ರವಕ್ಕೆ ಈಗಷ್ಟೇ ಪ್ರವೇಶಿಸಿತೆನ್ನುವುದು ಯುಕ್ತವಲ್ಲ.

ನಿಜವಾದ ಹೊಸತನವಿರುವುದು ಬೇರೆಡೆಯಲ್ಲಿ. ಶೇಲ್ ಎಂಬ ಜೇಡುಶಿಲೆಯೊಳಕ್ಕೆ ನೀರು ಇಳಿದರೆ ಬಾವಿಯ ಗೋಡೆ ಸಡಿಲುತ್ತದೆ. ಎಣ್ಣೆ ಮೂಲದ ದ್ರವವು ಈ ಕೇಡನ್ನು ತಗ್ಗಿಸುವುದಾದರೂ ಪರಿಸರವನ್ನು ಮಲಿನಗೊಳಿಸುತ್ತದೆ. ಶೇಲಿನ ರಂಧ್ರಗಳು ಕೆಲವು ನ್ಯಾನೋಮೀಟರುಗಳಿಂದ ಕೆಲವು ಹತ್ತು ನ್ಯಾನೋಮೀಟರುಗಳಷ್ಟು ಕಿರಿದು. ಜೇಡಿಯ ಹಾಳೆ ತೆಳುವಾದರೂ ಅದರ ಅಗಲವು ದಪ್ಪದ ನೂರಾರು ಪಟ್ಟು. ಅದು ಆ ರಂಧ್ರಗಳನ್ನು ಹೊಗಲಾರದು. ಸಿಲಿಕಾದ ನ್ಯಾನೋಕಣ ಹೊಕ್ಕು ಮುಚ್ಚಬಲ್ಲುದು. 2009ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾನಿಲಯದ ಸಂಶೋಧಕರು ಶೇಲಿನ ತುಂಡುಗಳ ಮೇಲೆಯೇ ಇದನ್ನು ಪರೀಕ್ಷಿಸಿ, ತೂಕದಲ್ಲಿ ಶೇಕಡ 10 ಅಥವಾ ಹೆಚ್ಚಿನ ಕಣಗಳಿದ್ದಾಗ ನೀರಿನ ಪ್ರವೇಶವು ಬಹಳವಾಗಿ ತಗ್ಗುವುದೆಂದು ತೋರಿಸಿದರು. ಇಲ್ಲಿ ಸಾಕ್ಷಿಯು ಘಟನೆಯ ಸ್ಥಳದಲ್ಲಿಯೇ ಇದೆ. ಆದರೂ ಶೇಕಡ 10 ಅಲ್ಪ ಪ್ರಮಾಣವಲ್ಲ. ಆ ವೆಚ್ಚವನ್ನು ಬಾವಿಯು ತಾಳೀತೇ ಎಂಬುದು ಬೇರೆಯ ಪ್ರಶ್ನೆ.

ಇನ್ನು ಅನೇಕ ಪ್ರಬಂಧಗಳು ಆಧರಿಸುವುದು ಸೋಸುಕಾಗದದ ಪರೀಕ್ಷೆಯನ್ನು: ಚದರ ಅಂಗುಲಕ್ಕೆ 100 ಪೌಂಡ್ ಒತ್ತಡದಲ್ಲಿ 30 ನಿಮಿಷ ದ್ರವವನ್ನು ಸೋಸಿ, ಇಳಿದುದನ್ನು ಅಳೆಯುವುದು. ಆ ಕಾಗದದ ರಂಧ್ರಗಳು ಶೇಲಿನ ರಂಧ್ರಗಳಿಗಿಂತ ಬಹುಪಟ್ಟು ದೊಡ್ಡವು. ಅದರ ಮೇಲೆ ಕಟ್ಟುವ ಕೆಸರಿನ ಪದರವನ್ನು ಕಣಗಳು ಬಿಗಿಗೊಳಿಸಿದರೆ ಅದು ಮರಳುಶಿಲೆಯ ವಿಷಯದಲ್ಲಿ ಉಪಯುಕ್ತ ವಾರ್ತೆಯೇ ಸರಿ. ಅದರಿಂದಲೇ ಶೇಲಿಗೂ ರಕ್ಷಣೆ ದೊರೆಯಿತೆಂದು ನಿರ್ಣಯಿಸುವುದು ಮಾತ್ರ, ಒಂದು ಊರಿನ ದಾನಶಾಸನವನ್ನೋದಿ ಇಡೀ ರಾಜ್ಯದ ಕಂದಾಯ ಪದ್ಧತಿಯನ್ನು ಬರೆದಂತೆ.

ಇದು ಕೇವಲ ತರ್ಕದ ಹಟವಲ್ಲ. ದುರ್ಬಲ ಸಾಕ್ಷ್ಯವನ್ನು ನಂಬಿ ದ್ರವವನ್ನು ಬದಲಿಸಿದರೆ ಬಾವಿಯ ಗೋಡೆ ಕುಸಿದೀತು. ಆ ಸೋಲನ್ನು ಕಂಡವರು ಎಣ್ಣೆಯ ದ್ರವಕ್ಕೇ ಮರಳಿಯಾರು. ಆದಕಾರಣ ಇಂಥ ಪ್ರಬಂಧವನ್ನು ಓದುವ ವಿದ್ಯಾರ್ಥಿಯು ಫಲಿತಾಂಶಕ್ಕೆ ಮೊದಲು, ಪರೀಕ್ಷೆ ನಡೆದುದು ಕಾಗದದ ಮೇಲೋ ಶಿಲೆಯ ಮೇಲೋ ಎಂಬುದನ್ನು ನೋಡುವುದು ಲೇಸು.