ಫೀಲರ್ ಗೇಜಿನ ಹದ

ಸುಜುಕಿ ಹಯಬುಸ ಬೈಕಿನ 4 ಸಿಲಿಂಡರ್ ಎಂಜಿನ್ನಿಗೆ 16 ವಾಲ್ವ್‌ಗಳು. ನಿಮಿಷಕ್ಕೆ 10,000 ಸುತ್ತಿನ ವೇಗದಲ್ಲಿ ಪ್ರತಿ ವಾಲ್ವೂ ಸೆಕೆಂಡಿಗೆ ಸುಮಾರು 83 ಸಲ ತೆರೆದು ಮುಚ್ಚುತ್ತದೆ. ಇಂಥ ಯಂತ್ರದ ಆರೋಗ್ಯವನ್ನು ಮನೆಯಲ್ಲೇ ಕೂತು, ಉಕ್ಕಿನ ತೆಳು ಪಟ್ಟಿಯಿಂದ ಅಳೆಯಬಹುದೆಂಬುದು ನನಗೆ ಇಂದಿಗೂ ಬೆರಗು.

ಎಂಜಿನ್ ಪೂರ್ತಿ ತಣ್ಣಗಿರಬೇಕು. ವಾಲ್ವನ್ನು ಒತ್ತುವ ಕ್ಯಾಮ್‌ನ ಉಬ್ಬು ಆಚೆ ತಿರುಗಿದಾಗ, ಕ್ಯಾಮ್‌ಗೂ ವಾಲ್ವ್ ಮೇಲಿನ ಬಕೆಟ್ಟಿಗೂ ನಡುವಿನ ಸಂದಿಗೆ ಆ ಪಟ್ಟಿ, ಅಂದರೆ ಫೀಲರ್ ಗೇಜ್ ತೂರಿಸಬೇಕು. ಇನ್‌ಟೇಕ್ ಕಡೆ 0.10ರಿಂದ 0.20 ಮಿ.ಮೀ., ಎಕ್ಸಾಸ್ಟ್ ಕಡೆ 0.20ರಿಂದ 0.30. ಪಟ್ಟಿ ತುಸು ಹಿಡಿದೇ ಜಾರಬೇಕು. ಆ ಹದ ಬೆರಳಿಗೇ ತಿಳಿಯಬೇಕು. ಸಂದು ಹಿಗ್ಗಿದರೆ ಟಕಟಕ ಸದ್ದು ಎಚ್ಚರಿಸುತ್ತದೆ. ಕುಗ್ಗಿದರೆ ಎಂಜಿನ್ ಸುಮ್ಮನಿರುತ್ತದೆ. ವಾಲ್ವ್ ಮಾತ್ರ ಸೀಟಿನ ಮೇಲೆ ಸರಿಯಾಗಿ ಕೂರದೆ, ಶಾಖ ಬಿಟ್ಟುಕೊಡಲಾಗದೆ ಸುಟ್ಟುಹೋಗುತ್ತದೆ. ಆದ್ದರಿಂದಲೇ ನುಣುಪಾದ ಸದ್ದಿಗಿಂತ ಅಳತೆಯ ಮೇಲೆ ನನಗೆ ಹೆಚ್ಚು ಭರವಸೆ. ತಪ್ಪಿದ್ದರೆ ಕ್ಯಾಮ್ ಬಿಚ್ಚಿ, ಬಕೆಟ್ಟಿನಡಿಯ ಶಿಮ್ ಎಂಬ ಪುಟ್ಟ ಬಿಲ್ಲೆ ಬದಲಿಸಬೇಕು. ಒಂದು ಶಿಮ್ಮಿಗೂ ಮುಂದಿನದಕ್ಕೂ ದಪ್ಪದಲ್ಲಿ 0.05 ಮಿ.ಮೀ. ಅಂತರ, ಅಷ್ಟೇ!

ಸಿಲಿಂಡರ್‌ಗಳಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಗಳ ಸರದಿ ಆಮೇಲೆ. ನಾಲ್ಕು ವ್ಯಾಕ್ಯೂಮ್ ಗೇಜ್ ಜೋಡಿಸಿ, ಸ್ಕ್ರೂಗಳನ್ನು ಇಷ್ಟಿಷ್ಟೇ ತಿರುಗಿಸುತ್ತ ಮುಳ್ಳುಗಳನ್ನು ಸಮಕ್ಕೆ ತರುವುದು. ಐಡಲಿಂಗಿನಲ್ಲಿ ಹ್ಯಾಂಡಲ್‌ಗೆ ಬರುತ್ತಿದ್ದ ನಡುಕ ಆಗ ಇಳಿಯುತ್ತದೆ.